ಒಪ್ಪಿಗೆಯ ಮೊಹರು: ಹೊನ್ನಾಳಿ ಸೀಮೆಯಿಂದ ಹೈಫಾದವರೆಗೆ

ದಸರಾ ರಜೆ ಮುಗಿದು ತರಗತಿಗಳು ಶುರುವಾದ ಮೊದಲ ವಾರ. ಬಿ.ಎ. ಕೊನೆಯ ವರ್ಷದವರಿಗೆ ಪಶ್ಚಿಮ ಏಷ್ಯಾದ ಇತಿಹಾಸ ಪಾಠ ಮಾಡಬೇಕಿತ್ತು. ರಜೆಯಲ್ಲಿ ಎಲ್ಲ ಪತ್ರಿಕೆಗಳ ಮುಖಪುಟದಲ್ಲಿ ಬಂದಿದ್ದ ಸುದ್ದಿಯಿಂದಲೇ ಆರಂಭಿಸಿದೆ. 2025ರ ಸೆಪ್ಟೆಂಬರ್ 21ರಂದು ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ಪೋರ್ಚುಗಲ್ ದೇಶಗಳು, ಮರುದಿನ ಫ್ರಾನ್ಸ್ ಮತ್ತಿತರ ದೇಶಗಳು ಪ್ಯಾಲೆಸ್ತೀನನ್ನು ಸ್ವತಂತ್ರ ರಾಷ್ಟ್ರವೆಂದು ಮಾನ್ಯ ಮಾಡಿದ್ದವು. ವಿಶ್ವಸಂಸ್ಥೆಯ 193 ಸದಸ್ಯ ದೇಶಗಳಲ್ಲಿ ಹೀಗೆ ಒಪ್ಪಿಕೊಂಡವುಗಳ ಸಂಖ್ಯೆ 157ಕ್ಕೆ ಏರಿತ್ತು. ಬೋರ್ಡಿನ ಮೇಲೆ ಎರಡೂ ಅಂಕಿ ಬರೆದು ತಿರುಗಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿದ್ದಳು.

“ಸರ್, ಅಲ್ಲಿ ಜನ ಮೊದಲಿಂದ್ಲೂ ಇದ್ರಲ್ವಾ? ಮತ್ತೆ ಇವರು ಈಗ ಒಪ್ಪೋದು ಏನನ್ನ?”

ನಾನು ಉತ್ತರಕ್ಕೆ ಪದ ಹುಡುಕುತ್ತಿರುವಾಗಲೇ ಅವಳು ಮುಂದುವರಿಸಿದಳು. “ನಮ್ ತಾಂಡಾನೂ ಹಂಗೇ ಸರ್. ನಮ್ಮಜ್ಜನ ಕಾಲದಿಂದ ಐತೆ. ಕಂದಾಯ ಗ್ರಾಮ ಅಂತ ಆಗಿದ್ದು ಮಾತ್ರ ಮೊನ್ನೆ ಮೊನ್ನೆ. ಅಲ್ಲೀವರೆಗೂ ನಾವು ಇದ್ವೋ ಇಲ್ವೋ?”

ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ. ಇಪ್ಪತ್ತು ವರ್ಷಗಳಿಂದ ನಾನು ಸುತ್ತಿ ಬಳಸಿ ಹೇಳುತ್ತಿದ್ದ ಪಾಠವನ್ನು ಅವಳು ಎರಡು ಸಾಲಿನಲ್ಲಿ ಮುಗಿಸಿದ್ದಳು. ಅವತ್ತು ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. ಈ ಬರಹ ಅವಳ ಪ್ರಶ್ನೆಗೆ ತಡವಾಗಿ ಬರೆದ ಉತ್ತರ.

ಅವಳ ಹೋಲಿಕೆಯನ್ನು ಮೊದಲು ಬಿಡಿಸಿಡುತ್ತೇನೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ ಓಡಾಡಿದವರಿಗೆ ಲಂಬಾಣಿ ತಾಂಡಾಗಳು, ಗೊಲ್ಲರಹಟ್ಟಿಗಳು ಹೊಸವೇನಲ್ಲ. ಬಂಜಾರರ ಪಾಲಿಗೆ ದೊಡ್ಡ ಯಾತ್ರಾಸ್ಥಳವಾದ, ಸಂತ ಸೇವಾಲಾಲರ ಜನ್ಮಸ್ಥಳವೆಂದು ನಂಬಲಾದ ಸೂರಗೊಂಡನಕೊಪ್ಪ ಇರುವುದೇ ನ್ಯಾಮತಿ ತಾಲ್ಲೂಕಿನಲ್ಲಿ. ಫೆಬ್ರವರಿಯಲ್ಲಿ ಮಾಲೆ ಹಾಕಿದ ಭಕ್ತರು ದೂರ ದೂರದಿಂದ ಬರುತ್ತಾರೆ. ಇಷ್ಟೆಲ್ಲ ಇದ್ದರೂ, ನಾಡಿನ ನೂರಾರು ತಾಂಡಾ ಹಟ್ಟಿಗಳು ಬಹುಕಾಲ ಕಂದಾಯ ಇಲಾಖೆಯ ನಕ್ಷೆಯಲ್ಲಿ ಊರುಗಳೇ ಆಗಿರಲಿಲ್ಲ. ಸರ್ಕಾರದ ಭಾಷೆಯಲ್ಲಿ ಅವು ‘ದಾಖಲೆರಹಿತ ಜನವಸತಿ’. ಮನೆ ಇತ್ತು, ಮನೆಗೆ ಹಕ್ಕುಪತ್ರ ಇರಲಿಲ್ಲ. ಮತದಾರರ ಪಟ್ಟಿಯಲ್ಲಿ ಹೆಸರಿತ್ತು, ಮನೆ ಆಧಾರವಿಟ್ಟು ಸಾಲ ಕೇಳಲು ಕಾಗದ ಇರಲಿಲ್ಲ. ಈಚೆಗೆ ರಾಜ್ಯದ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದ ಮೇಲೆ ಇಂಥ ನೆಲೆಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸುವ, ಹಕ್ಕುಪತ್ರ ಹಂಚುವ ಕೆಲಸ ಶುರುವಾಯಿತು.

ಹಾಗೆಂದು ರಾಜ್ಯಕ್ಕೆ ಈ ಜನ ಕಾಣದೇ ಇದ್ದರೆಂದಲ್ಲ. ಬ್ರಿಟಿಷರು 1871ರ ಕಾಯ್ದೆಯಡಿ ದೇಶದ ಕೆಲವು ಪ್ರಾಂತ್ಯಗಳಲ್ಲಿ ಬಂಜಾರರನ್ನು ‘ಅಪರಾಧಿ ಬುಡಕಟ್ಟು’ಗಳ ಪಟ್ಟಿಗೆ ಸೇರಿಸಿದ್ದರು. ಠಾಣೆಯ ದಫ್ತರದಲ್ಲಿ ಹೆಸರಿತ್ತು, ಊರಿನ ನಕ್ಷೆಯಲ್ಲಿ ಇರಲಿಲ್ಲ.

ದೇಶಗಳ ವಿಚಾರದಲ್ಲಿ ಈ ಪ್ರಶ್ನೆಗೆ ಕಾನೂನು ಪಂಡಿತರಲ್ಲಿ ಎರಡು ಪಕ್ಷಗಳಿವೆ. ದೇಶ ಮೊದಲು ಇರುತ್ತದೆ, ಉಳಿದವರು ಇರುವುದನ್ನು ಇದೆ ಎಂದು ಹೇಳುತ್ತಾರೆ ಅಷ್ಟೆ ಎನ್ನುವುದು ಒಂದು ಪಕ್ಷ. ಉಳಿದವರು ಒಪ್ಪಿದ ಮೇಲೆಯೇ ದೇಶವೊಂದು ದೇಶವಾಗುತ್ತದೆ ಎನ್ನುವುದು ಇನ್ನೊಂದು. 1933ರಲ್ಲಿ ಉರುಗ್ವೆಯ ಮಾಂಟೆವಿಡಿಯೊ ನಗರದಲ್ಲಿ ಅಮೆರಿಕ ಖಂಡದ ದೇಶಗಳು ಮಾಡಿಕೊಂಡ ಒಪ್ಪಂದ ಮೊದಲ ಪಕ್ಷದ್ದು. ನೆಲೆ ನಿಂತ ಜನ, ಗೊತ್ತಾದ ಎಲ್ಲೆ, ಸರ್ಕಾರ, ಬೇರೆ ದೇಶಗಳೊಡನೆ ವ್ಯವಹರಿಸುವ ಶಕ್ತಿ ಇವು ನಾಲ್ಕಿದ್ದರೆ ಅದು ದೇಶ. ಬೇರೆಯವರ ಮಾನ್ಯತೆಗೆ ಅದರ ಇರವು ಕಾಯಬೇಕಿಲ್ಲ ಎಂದು ಅದು ಹೇಳುತ್ತದೆ. ಪಾಠ ಮಾಡಲು ಚೆಂದದ ಸೂತ್ರ. ಇತಿಹಾಸದ ಹತ್ತಿರ ಹೋದರೆ ಸೂತ್ರ ಸಡಿಲವಾಗುತ್ತದೆ. ಅದಕ್ಕೆ ಪ್ಯಾಲೆಸ್ತೀನಿನವರೆಗೆ ಹೋಗಬೇಕಾಗಿಲ್ಲ. ಹೊನ್ನಾಳಿಯ ಕೋಟೆಯಿಂದಲೇ ಹೊರಡಬಹುದು.

ಈ ಸೀಮೆಯ ಬಹುಭಾಗ ಒಂದು ಕಾಲಕ್ಕೆ ಕೆಳದಿ ಅರಸರದು. ಚನ್ನಗಿರಿಗೆ ಆ ಹೆಸರು ಬಂದದ್ದು ಹದಿನೇಳನೆಯ ಶತಮಾನದ ರಾಣಿ ಕೆಳದಿ ಚೆನ್ನಮ್ಮಾಜಿಯಿಂದ. ಶಿವಾಜಿಯ ಮಗ ರಾಜಾರಾಮ ಮೊಘಲರಿಂದ ತಪ್ಪಿಸಿಕೊಂಡು ಬಂದಾಗ ಆಶ್ರಯ ಕೊಟ್ಟವಳು ಅವಳು. ಔರಂಗಜೇಬನ ಪಾಲಿಗೆ ರಾಜಾರಾಮ ಓಡಿಹೋಗುತ್ತಿದ್ದ ಶತ್ರು. ಚೆನ್ನಮ್ಮನ ಪಾಲಿಗೆ ಅವನು ಒಬ್ಬ ಅರಸ. ಆ ಒಪ್ಪಿಗೆಗೆ ಅವಳು ಮೊಘಲ್ ಸೈನ್ಯವನ್ನು ಎದುರಿಸಬೇಕಾಯಿತು. ಒಬ್ಬರನ್ನು ಮಾನ್ಯ ಮಾಡುವುದಕ್ಕೆ ಬೆಲೆ ತೆರಬೇಕಾಗುತ್ತದೆ ಎಂಬುದಕ್ಕೆ ನಮ್ಮ ಸೀಮೆಯ ಹಳೆಯ ಉದಾಹರಣೆ ಇದು.

1763ರಲ್ಲಿ ಹೈದರಾಲಿ ಬಿದನೂರನ್ನು, ಅಂದರೆ ಇಂದಿನ ನಗರವನ್ನು ಗೆದ್ದಾಗ ಕೆಳದಿ ರಾಜ್ಯ ಮುಗಿಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸತ್ತ ಮೇಲೆ ಈಸ್ಟ್ ಇಂಡಿಯಾ ಕಂಪನಿ ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಮೈಸೂರಿನ ಗದ್ದುಗೆಯಲ್ಲಿ ಕೂರಿಸಿತು. ಜೊತೆಗೊಂದು ಕರಾರು. ವರ್ಷಕ್ಕೆ 7 ಲಕ್ಷ ನಕ್ಷತ್ರ ವರಹ ಕಪ್ಪ. ಅದು ಸಂದಾಯವಾಗದೇ ಹೋಗಬಹುದೆಂಬ ಭಯ ಬಂದರೆ ಕಂಪನಿ ಆಡಳಿತದೊಳಗೆ ಕೈ ಹಾಕಬಹುದು. ಸೂರ್ಯಚಂದ್ರರು ಇರುವವರೆಗೂ ಈ ಒಪ್ಪಂದ ನಡೆಯತಕ್ಕದ್ದೆಂದು ಬರೆದುಕೊಂಡರು. ನಮ್ಮ ಶಾಸನಗಳ ‘ಆಚಂದ್ರಾರ್ಕ’ದಂತೆಯೇ. ಆದರೆ ಶಾಸನಗಳು ಆ ಮಾತಿಗೆ ಮೊದಲು ಚತುಸ್ಸೀಮೆಯನ್ನು ಹೇಳುತ್ತವೆ, ಎಲ್ಲೆಕಲ್ಲು ನೆಡಿಸುತ್ತವೆ. ಆ ಕರಾರಿನಲ್ಲಿ ಅರಸನ ಅಧಿಕಾರದ ಎಲ್ಲೆ ಎಲ್ಲಿಗೆ ಮುಗಿಯುತ್ತದೆಂದು ತೀರ್ಮಾನಿಸುವ ಕೈ ಕಂಪನಿಯದೇ ಆಗಿತ್ತು.

ಸೂರ್ಯಚಂದ್ರರು ಮೂವತ್ತಮೂರು ವರ್ಷವೂ ತಾಳಲಿಲ್ಲ. 1830ರಲ್ಲಿ ನಗರ ಸೀಮೆಯ ರೈತರು ದಂಗೆ ಎದ್ದರು. ಅಮಲ್ದಾರರು ಇಷ್ಟು ಕಂದಾಯ ಎತ್ತಿ ಕೊಡುತ್ತೇವೆಂದು ‘ಶರ್ತಿ’ ಬರೆದುಕೊಡುತ್ತಿದ್ದರು. ಕಡಿಮೆ ಬಿದ್ದರೆ ಅವರೇ ತುಂಬಬೇಕು. ತುಂಬುತ್ತಿದ್ದದ್ದು ಕೊನೆಗೆ ರೈತನೇ. ಊರೂರಿನ ಗೌಡರು, ರೈತರು ‘ಕೂಟ’ ಕಟ್ಟಿ ಕಂದಾಯ ಕೊಡುವುದಿಲ್ಲವೆಂದರು. ಆ ಹೊತ್ತಿಗೆ ಕೆಳದಿ ವಂಶದ ಹಕ್ಕುದಾರ ತಾನೆಂದು ಹೇಳಿಕೊಂಡು ಎದ್ದವನು ಬೂದಿ ಬಸವಪ್ಪ. ಅವನ ಮೂಲ ಹೆಸರು ಸಾದರ ಮಲ್ಲ, ರೈತನ ಮಗ, ಹಿಂದೆ ದರೋಡೆಕೋರನಾಗಿದ್ದವನು, ಹಳೆಯ ನಗರ ಅರಸರ ಮುದ್ರೆಗಳನ್ನು ಒಬ್ಬ ಜಂಗಮನ ಮೂಲಕ ಪಡೆದುಕೊಂಡವನು ಎಂದು ಬ್ರಿಟಿಷ್ ಗೆಜೆಟಿಯರು ಬರೆಯುತ್ತದೆ. ಬಾಕಿ ಮನ್ನಾ ಮಾಡುತ್ತೇನೆ, ಕಂದಾಯ ಇಳಿಸುತ್ತೇನೆ ಎಂದು ಅವನು ಮಾತು ಕೊಟ್ಟ. ತರೀಕೆರೆಯ ಪಾಳೆಯಗಾರ ವಂಶದವರೂ ಕೂಡಿಕೊಂಡರು. ಹೊನ್ನಾಳಿಯ ಕೋಟೆಗಾಗಿ ಕಾದಾಟ ನಡೆಯಿತು. 1831ರ ಮಧ್ಯಭಾಗಕ್ಕೆ ಕಂಪನಿಯ ಪಡೆ ನಗರವನ್ನು ಹಿಡಿಯಿತು.

ನಾನು ಬಹಳ ವರ್ಷ ಬೂದಿ ಬಸವಪ್ಪನನ್ನು ‘ಹುಸಿ ಹಕ್ಕುದಾರ’ ಎಂದೇ ಪಾಠ ಮಾಡಿದ್ದೇನೆ. ನೋಟ್ಸಿನಲ್ಲಿ ಹಾಗೇ ಬರೆಸಿದ್ದೇನೆ. ಆ ಹುಡುಗಿ ಪ್ರಶ್ನೆ ಕೇಳಿದ ದಿನ ಸಂಜೆ ಅದೇ ಪುಟ ತೆಗೆದು ನೋಡಿದೆ. ಅವನ ರಕ್ತ ಕೆಳದಿಯದಲ್ಲ ಎನ್ನುವುದು ನಿಜವಿರಬಹುದು. ಆದರೆ ರೈತರು ಅವನ ಹಿಂದೆ ನಡೆದದ್ದು ಅವನ ವಂಶವೃಕ್ಷ ಪರೀಕ್ಷಿಸಿ ಅಲ್ಲ. ತಮ್ಮ ಬಾಕಿಯ ಮಾತನ್ನು ಕೇಳಿಸಿಕೊಂಡ ಕಾರಣಕ್ಕೆ ಅವನನ್ನು ದೊರೆಯೆಂದು ಒಪ್ಪಿದರು. ಅತ್ತ ಮೈಸೂರಿನಲ್ಲಿ ಗದ್ದುಗೆಯ ಮೇಲಿದ್ದವರ ವಂಶದ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಅವರನ್ನು ಕೂರಿಸಿದ್ದು ಮಾತ್ರ ಗೆದ್ದ ಸೈನ್ಯ. ಒಬ್ಬನಿಗೆ ಕೆಳಗಿನವರ ಒಪ್ಪಿಗೆ, ಇನ್ನೊಬ್ಬರಿಗೆ ಮೇಲಿನವರ ಒಪ್ಪಿಗೆ. ಯಾವುದು ಹುಸಿ ಎಂದು ನಾನು ಅಷ್ಟು ಸಲೀಸಾಗಿ ಬರೆಸಬಾರದಿತ್ತು.

ದಂಗೆಯನ್ನೇ ನೆಪ ಮಾಡಿಕೊಂಡು 1831ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಮೈಸೂರಿನ ಆಡಳಿತವನ್ನು ಕಿತ್ತುಕೊಂಡ. ಅದು ಕರಾರಿನ ಮಿತಿ ಮೀರಿದ ಕ್ರಮವೇನೋ ಎಂಬ ಅನುಮಾನ ಆಮೇಲೆ ಅವನಿಗೇ ಬಂತು. ಮುಮ್ಮಡಿ ಕೃಷ್ಣರಾಜ ಒಡೆಯರು ಅರಸರೆಂಬ ಹೆಸರು ಉಳಿಸಿಕೊಂಡು, ರಾಜ್ಯವಿಲ್ಲದೆ, ಮತ್ತೆ ಮತ್ತೆ ಮನವಿ ಬರೆಯುತ್ತ ಕಾದರು. ದತ್ತಕವನ್ನು ಒಪ್ಪಿ ರಾಜ್ಯ ಹಿಂತಿರುಗಿಸುವ ತೀರ್ಮಾನ ಲಂಡನ್ನಿನಲ್ಲಿ ಆದದ್ದು 1867ರಲ್ಲಿ. ಮರುವರ್ಷ ಅವರು ತೀರಿಕೊಂಡರು. ರಾಜ್ಯ ನಿಜವಾಗಿ ಕೈಗೆ ಬಂದದ್ದು 1881ರ ಮಾರ್ಚ್ 25ರಂದು, ದತ್ತುಪುತ್ರ ಚಾಮರಾಜೇಂದ್ರ ಒಡೆಯರಿಗೆ. ಐವತ್ತು ವರ್ಷ. ಆಗಲೂ ಹಸ್ತಾಂತರ ಪತ್ರದಲ್ಲಿ ಒಂದು ಷರತ್ತಿತ್ತು: ಮುಂದೆ ಯಾವ ಉತ್ತರಾಧಿಕಾರವೂ ಗವರ್ನರ್ ಜನರಲ್ ಮಾನ್ಯ ಮಾಡುವವರೆಗೆ ಸಿಂಧುವಲ್ಲ. ಕೊಟ್ಟ ಕೈ ಮೊಹರನ್ನು ತನ್ನ ಬಳಿಯೇ ಇಟ್ಟುಕೊಂಡಿತು.

ಈ ಅರೆ ಮಾನ್ಯತೆಯ ರಾಜ್ಯದ ಕುದುರೆ ಸವಾರರು ಮುಂದೆ ಪ್ಯಾಲೆಸ್ತೀನಿಗೆ ಹೋದರು. ನಮ್ಮ ಕಥೆ ಆ ಕಥೆಯನ್ನು ಮುಟ್ಟುವುದು ಇಲ್ಲಿ.

1918ರ ಸೆಪ್ಟೆಂಬರ್ 23. ಮೊದಲ ಮಹಾಯುದ್ಧದ ಕೊನೆಯ ದಿನಗಳು. ಮೆಡಿಟರೇನಿಯನ್ ದಂಡೆಯ ಹೈಫಾ ಬಂದರು ತುರ್ಕರ ಕೈಯಲ್ಲಿತ್ತು. ಕಾರ್ಮೆಲ್ ಬೆಟ್ಟದ ಮೇಲೆ ಫಿರಂಗಿ, ಮೆಷಿನ್ ಗನ್ನುಗಳು. ಕೆಳಗಿನಿಂದ ಜೋಧಪುರದ ಲ್ಯಾನ್ಸರ್‌ಗಳು ಈಟಿ ಹಿಡಿದು ನುಗ್ಗಿದರು. ಮೈಸೂರು ಲ್ಯಾನ್ಸರ್‌ಗಳ ಒಂದು ತುಕಡಿ ಬೆಟ್ಟ ಹತ್ತಿ ಫಿರಂಗಿಗಳ ಮೇಲೆ ಬಿತ್ತು. ಸಂಜೆಯೊಳಗೆ ಊರು ಬ್ರಿಟಿಷರ ವಶವಾಯಿತು. ಕುದುರೆ ಸವಾರರು ಭದ್ರಪಡಿಸಿದ ಊರೊಂದನ್ನು ಗೆದ್ದ ಕೊನೆಯ ಕಾಳಗಗಳಲ್ಲಿ ಇದೊಂದೆಂದು ಹೆಸರು. ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿ ಮೈಸೂರು ಲ್ಯಾನ್ಸರ್‌ಗಳ ಸ್ಮಾರಕವಿದೆ. ದೆಹಲಿಯ ತೀನ್ ಮೂರ್ತಿ ಚೌಕಕ್ಕೆ 2018ರಲ್ಲಿ ಹೈಫಾ ಹೆಸರನ್ನೂ ಸೇರಿಸಿದರು. ಆ ಪಡೆಯ ಖರ್ಚು ಮೈಸೂರು ಸಂಸ್ಥಾನದ ಬೊಕ್ಕಸದ್ದು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕೂ ಆಗ ಆ ಸಂಸ್ಥಾನದ ನೆಲವೇ. ನಮ್ಮ ಹೊಲಗಳ ಕಂದಾಯದ ಒಂದು ಕಾಳು ಹೈಫಾದ ಬೆಟ್ಟ ಹತ್ತಿದ ಕುದುರೆಗೂ ಸಂದಿದೆ.

ಆ ಶೌರ್ಯದ ಬಗ್ಗೆ ನನಗೆ ಹೆಮ್ಮೆಯಿದೆ. ಅದರೊಡನೆ ಇನ್ನೊಂದನ್ನೂ ಹೇಳಬೇಕು. ಆ ಸವಾರರು ಗೆದ್ದ ನೆಲದ ಬಗ್ಗೆ ತೀರ್ಮಾನ ಮಾಡಿದ್ದು ಅವರ ಅರಸರಲ್ಲ, ಆ ನೆಲದ ಜನರೂ ಅಲ್ಲ. ಬ್ರಿಟನ್ನಿನ ವಿದೇಶ ಮಂತ್ರಿ ಬಾಲ್ಫರ್ 1917ರ ನವೆಂಬರ್ 2ರಂದೇ ಪ್ಯಾಲೆಸ್ತೀನಿನಲ್ಲಿ ಯಹೂದಿಗಳಿಗೆ ಒಂದು ನೆಲೆ ಕಟ್ಟಿಕೊಡಲು ನೆರವಾಗುವುದಾಗಿ ಪತ್ರ ಬರೆದಿದ್ದ. ಯುರೋಪಿನಲ್ಲಿ ತಲೆಮಾರುಗಳಿಂದ ಹಿಂಸೆ ಉಂಡ ಜನಕ್ಕೆ ಅದು ಬದುಕುವ ಭರವಸೆ. ಅಲ್ಲೇ ಬಹುಸಂಖ್ಯಾತರಾಗಿದ್ದ ಅರಬರು ಆ ಪತ್ರದಲ್ಲಿ ಹೆಸರಿಲ್ಲದೆ, ‘ಯಹೂದಿಯೇತರ ಸಮುದಾಯಗಳು’ ಎಂದಷ್ಟೇ ಕಾಣಿಸಿಕೊಂಡರು. 1919ರ ಲೀಗ್ ಆಫ್ ನೇಷನ್ಸ್ ಒಡಂಬಡಿಕೆಯ 22ನೇ ವಿಧಿ ಇನ್ನೂ ಸ್ವಾರಸ್ಯದ್ದು. ತುರ್ಕಿ ಸಾಮ್ರಾಜ್ಯದಿಂದ ಬಿಡಿಸಿಕೊಂಡ ಕೆಲವು ಸಮುದಾಯಗಳನ್ನು ಸ್ವತಂತ್ರ ರಾಷ್ಟ್ರಗಳೆಂದು ತಾತ್ಕಾಲಿಕವಾಗಿ ಮಾನ್ಯ ಮಾಡಬಹುದು, ಆದರೆ ತಮ್ಮ ಕಾಲ ಮೇಲೆ ನಿಲ್ಲುವವರೆಗೆ ಒಬ್ಬ ಹಿರಿಯ ಆಡಳಿತಗಾರ ಬೇಕು ಎಂಬುದು ಅದರ ತಾತ್ಪರ್ಯ. 1922ರಲ್ಲಿ ಪ್ಯಾಲೆಸ್ತೀನಿನ ಹಿರಿತನ ಬ್ರಿಟನ್ನಿಗೆ ಸಿಕ್ಕಿತು. ಮೈಸೂರಿನ ಐವತ್ತು ವರ್ಷಗಳನ್ನು ಬಲ್ಲವರಿಗೆ ಈ ಮಾತಿನ ವರಸೆ ಪರಿಚಿತ. ಒಂದು ವ್ಯತ್ಯಾಸವಿದೆ. ಮೈಸೂರಿಗೆ ಕೊನೆಗೆ ಯಾರಿಗೆ ಹಿಂತಿರುಗಿಸಬೇಕೆಂಬ ಹೆಸರಾದರೂ ಇತ್ತು. ಪ್ಯಾಲೆಸ್ತೀನಿನಲ್ಲಿ ಒಂದೇ ನೆಲಕ್ಕೆ ಎರಡು ಜನ ಎರಡು ಭರವಸೆಗಳನ್ನು ಹಿಡಿದು ನಿಂತಿದ್ದರು.

ಮಾನ್ಯತೆ ನಿಜವನ್ನು ಹಿಂಬಾಲಿಸಿಯೇ ಬರುತ್ತದೆ ಎಂದುಕೊಂಡವರು ನಮ್ಮ ದೇಶದ್ದೇ ಒಂದು ವಿಚಿತ್ರವನ್ನು ನೋಡಬೇಕು. ಭಾರತ ಲೀಗ್ ಆಫ್ ನೇಷನ್ಸ್‌ನ ಮೂಲ ಸದಸ್ಯ ದೇಶ. 1945ರ ಜೂನ್ 26ರಂದು ವಿಶ್ವಸಂಸ್ಥೆಯ ಸನ್ನದಿಗೆ ಸಹಿ ಮಾಡಿದ ದೇಶಗಳಲ್ಲೂ ಒಂದು. ಆಗಿನ್ನೂ ನಮಗೆ ಸ್ವಾತಂತ್ರ್ಯ ಬಂದಿರಲಿಲ್ಲ! ಭಾರತದ ಪರವಾಗಿ ಸಹಿ ಹಾಕಿದವರು ಸರ್ ಎ. ರಾಮಸ್ವಾಮಿ ಮುದಲಿಯಾರ್. ಮರುವರ್ಷ ಅವರೇ ಮೈಸೂರಿನ ದಿವಾನರಾದರು, ಕೊನೆಯ ದಿವಾನರು. ಸ್ವತಂತ್ರವಾಗದ ದೇಶಕ್ಕೆ ಸ್ವತಂತ್ರ ದೇಶಗಳ ಸಾಲಿನಲ್ಲಿ ಕುರ್ಚಿ ಸಿಕ್ಕಿತ್ತು, ಏಕೆಂದರೆ ಬ್ರಿಟನ್ನಿಗೆ ಅದು ಅನುಕೂಲವಾಗಿತ್ತು.

ಅದಕ್ಕೆ ಮೂರು ವರ್ಷ ಮೊದಲು, 1942ರ ಸೆಪ್ಟೆಂಬರಿನಲ್ಲಿ, ಹೊನ್ನಾಳಿಯ ಪಕ್ಕದ ಶಿಕಾರಿಪುರ ತಾಲ್ಲೂಕಿನ ಈಸೂರು ತನ್ನನ್ನು ತಾನೇ ಸ್ವತಂತ್ರವೆಂದು ಸಾರಿಕೊಂಡಿತು. ವೀರಭದ್ರ ದೇವಸ್ಥಾನದ ಮೇಲೆ ತ್ರಿವರ್ಣ ಧ್ವಜ ಏರಿತು. ಕಂದಾಯ ಕೊಡುವುದಿಲ್ಲವೆಂದರು. ಹದಿಹರೆಯದ ಹುಡುಗರನ್ನೇ ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಮಾಡಿಕೊಂಡು ಊರಿನ ಸರ್ಕಾರ ನಡೆಸಿದರು. ಜನ ಇದ್ದರು, ಎಲ್ಲೆ ಇತ್ತು, ಸರ್ಕಾರವೂ ಇತ್ತು. ಒಪ್ಪುವವರು ಇರಲಿಲ್ಲ. ಸೆಪ್ಟೆಂಬರ್ 28ರ ಘರ್ಷಣೆಯಲ್ಲಿ ನಿಜವಾದ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರರೂ ಸತ್ತರು. ಸೈನ್ಯ, ಪೊಲೀಸರು ಊರಿಗೆ ನುಗ್ಗಿದರು. 1943ರ ಮಾರ್ಚಿಯಲ್ಲಿ ಐವರನ್ನು ಗಲ್ಲಿಗೇರಿಸಿದರು. ಐದು ವರ್ಷಗಳಲ್ಲಿ ಈಸೂರಿನವರು ಸಾರಿದ್ದೇ ದೇಶದ ಸತ್ಯವಾಯಿತು. ಅವರನ್ನು ದಂಗೆಕೋರರೆಂದ ಪುಟಗಳು ಹುತಾತ್ಮರೆಂದು ತಿದ್ದಿಕೊಂಡವು.

ಇದರ ತಿರುಗುಮುರುಗು ಉದಾಹರಣೆ ಹೈದರಾಬಾದ್. 1947ರಲ್ಲಿ ನಿಜಾಮರ ಬಳಿ ಸೈನ್ಯ, ನಾಣ್ಯ, ರೈಲು, ಆಡಳಿತ ಎಲ್ಲ ಇದ್ದವು. ಮಾಂಟೆವಿಡಿಯೊ ಸೂತ್ರದ ಅಂಶಗಳಲ್ಲಿ ಹೆಚ್ಚಿನವು ಕೈಯಲ್ಲೇ ಇದ್ದವು. 1948ರಲ್ಲಿ ವಿಶ್ವಸಂಸ್ಥೆಯ ಬಾಗಿಲನ್ನೂ ತಟ್ಟಿದರು. ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಹೋದಾಗ ಆ ರಾಜ್ಯ ಕೆಲವೇ ದಿನಗಳಲ್ಲಿ ಮುಗಿಯಿತು. ಕಲಬುರಗಿ, ಬೀದರ್, ರಾಯಚೂರು ಕಡೆಯ ಅಸಂಖ್ಯ ಜನ ಅದಕ್ಕಾಗಿಯೇ ಕಾದಿದ್ದರು. ಸಲಕರಣೆಗಳೆಲ್ಲ ಇದ್ದೂ ಒಳಗಿನ ಒಪ್ಪಿಗೆ ಇರಲಿಲ್ಲ. ಹೀಗಾಗಿ ‘ಯಾರು ಒಪ್ಪಿದರು’ ಎಂಬ ಪ್ರಶ್ನೆಯನ್ನು ಎರಡು ಕಡೆ ಕೇಳಬೇಕು: ಹೊರಗೆ ಮತ್ತು ಒಳಗೆ.

ಈಗ ಪ್ಯಾಲೆಸ್ತೀನಿಗೆ ಬರೋಣ. 1947ರ ನವೆಂಬರ್ 29ರಂದು ವಿಶ್ವಸಂಸ್ಥೆಯ ಮಹಾಸಭೆ ಆ ನೆಲವನ್ನು ಅರಬ್ ಮತ್ತು ಯಹೂದಿ ರಾಷ್ಟ್ರಗಳಾಗಿ ಹಂಚುವ ಯೋಜನೆಯನ್ನು 33–13 ಮತಗಳಿಂದ ಒಪ್ಪಿತು. ಮೂರು ತಿಂಗಳ ಹಿಂದಷ್ಟೇ ತಾನೇ ಹೋಳಾಗಿದ್ದ ಭಾರತ ವಿರುದ್ಧ ಮತ ಹಾಕಿತು. ಹಂಚುವ ಬದಲು ಒಂದೇ ಒಕ್ಕೂಟ ಮಾಡಿ ಎನ್ನುವುದು ನಮ್ಮ ವಾದವಾಗಿತ್ತು. 1948ರ ಮೇ 14ರಂದು ಇಸ್ರೇಲ್ ತನ್ನ ಸ್ಥಾಪನೆಯನ್ನು ಘೋಷಿಸಿತು. ಬ್ರಿಟಿಷ್ ಆಡಳಿತ ಮುಗಿದ 11 ನಿಮಿಷಕ್ಕೆ ಅಮೆರಿಕ ಅದನ್ನು ಮಾನ್ಯ ಮಾಡಿತು. ಮರುವರ್ಷ ಅದಕ್ಕೆ ವಿಶ್ವಸಂಸ್ಥೆಯ ಸದಸ್ಯತ್ವ. ಭಾರತ 1950ರ ಸೆಪ್ಟೆಂಬರ್ 17ರಂದು ಒಪ್ಪಿತು, ಪೂರ್ಣ ರಾಜತಾಂತ್ರಿಕ ಸಂಬಂಧ ಬೆಳೆಸಿದ್ದು 1992ರ ಜನವರಿಯಲ್ಲಿ. ಹಂಚಿಕೆಯ ಕಾಗದದಲ್ಲಿದ್ದ ಇನ್ನೊಂದು ರಾಷ್ಟ್ರ ಹುಟ್ಟಲೇ ಇಲ್ಲ. ಅರಬ್ ಮುಖಂಡರು ಆ ಹಂಚಿಕೆಯನ್ನು ತಿರಸ್ಕರಿಸಿದ್ದರು. ಯುದ್ಧದಲ್ಲಿ ಸುಮಾರು 7 ಲಕ್ಷ ಪ್ಯಾಲೆಸ್ತೀನಿಯರು ಮನೆಮಠ ಕಳೆದುಕೊಂಡರು. ಉಳಿದ ಭಾಗಗಳಲ್ಲಿ ಪಶ್ಚಿಮ ದಂಡೆ ಜೋರ್ಡಾನಿನ, ಗಾಜಾ ಈಜಿಪ್ಟಿನ ಕೈಗೆ ಹೋದವು. 1967ರಲ್ಲಿ ಎರಡೂ ಇಸ್ರೇಲಿನ ಹಿಡಿತಕ್ಕೆ ಬಂದವು.

1988ರ ನವೆಂಬರ್ 15ರಂದು ಅಲ್ಜೀರ್ಸ್‌ನಲ್ಲಿ ಯಾಸಿರ್ ಅರಾಫತ್ ಪ್ಯಾಲೆಸ್ತೀನ್ ರಾಷ್ಟ್ರದ ಘೋಷಣೆಯನ್ನು ಓದಿದರು. ಅದರ ಕರಡು ಬರೆದವರು ಕವಿ ಮಹಮೂದ್ ದರ್ವೀಶ್. ಘೋಷಣೆಯಾದ ಆ ರಾಷ್ಟ್ರದ ಒಂದು ಗೇಣು ನೆಲವೂ ಆಗ ಅವರ ಆಡಳಿತದಲ್ಲಿರಲಿಲ್ಲ. ಮೂರೇ ದಿನಕ್ಕೆ, ನವೆಂಬರ್ 18ರಂದು, ಭಾರತ ಮಾನ್ಯತೆ ಕೊಟ್ಟಿತು. ಆ ಬಳಿಕ ದೆಹಲಿಯ ಮಾತಿನ ಧಾಟಿ ಬದಲಾಗಿದೆ, ಇಸ್ರೇಲ್ ನಮ್ಮ ಆಪ್ತ ದೇಶಗಳಲ್ಲೊಂದಾಗಿದೆ. ಆದರೂ ಆ ಮಾನ್ಯತೆಯನ್ನು ಯಾವ ಸರ್ಕಾರವೂ ಹಿಂತೆಗೆದುಕೊಂಡಿಲ್ಲ.

1993ರ ಓಸ್ಲೊ ಒಪ್ಪಂದದ ಹೊತ್ತಿನಲ್ಲಿ ವಿನಿಮಯವಾದ ಪತ್ರಗಳನ್ನು ಓದಿದರೆ ತಕ್ಕಡಿ ಎತ್ತ ತೂಗುತ್ತಿತ್ತೆಂದು ತಿಳಿಯುತ್ತದೆ. ಪ್ಯಾಲೆಸ್ತೀನ್ ವಿಮೋಚನಾ ಸಂಘಟನೆ ಇಸ್ರೇಲ್ ಎಂಬ ರಾಷ್ಟ್ರದ ಇರುವ ಹಕ್ಕನ್ನು ಒಪ್ಪಿತು. ಇಸ್ರೇಲ್ ಆ ಸಂಘಟನೆಯನ್ನು ಜನರ ಪ್ರತಿನಿಧಿಯೆಂದು ಒಪ್ಪಿತು, ರಾಷ್ಟ್ರವನ್ನಲ್ಲ. 2012ರ ನವೆಂಬರ್ 29ರಂದು ಮಹಾಸಭೆ 138 ಮತಗಳಿಂದ ಪ್ಯಾಲೆಸ್ತೀನನ್ನು ಸದಸ್ಯನಲ್ಲದ ವೀಕ್ಷಕ ರಾಷ್ಟ್ರವಾಗಿಸಿತು. ಪೂರ್ಣ ಸದಸ್ಯತ್ವದ ಮನವಿ 2024ರ ಏಪ್ರಿಲ್ 18ರಂದು ಭದ್ರತಾ ಮಂಡಳಿಗೆ ಬಂದಾಗ 12 ದೇಶಗಳು ಪರ. ಅಮೆರಿಕದ ಒಂದು ವಿರೋಧ ಮತಕ್ಕೆ ಅದು ಬಿದ್ದುಹೋಯಿತು. ಅಂದು ತಟಸ್ಥವಾಗಿ ಕೂತ ಬ್ರಿಟನ್ ಒಂದೂವರೆ ವರ್ಷದೊಳಗೆ ತಾನೇ ಮಾನ್ಯತೆ ಕೊಟ್ಟಿತು. ಬಾಲ್ಫರ್ ಪತ್ರ ಬರೆದು ಆಗಲೇ 108ನೇ ವರ್ಷ ನಡೆಯುತ್ತಿತ್ತು.

ನಡುವೆ ನಡೆದದ್ದನ್ನು ಮರೆತು ಈ ಲೆಕ್ಕ ಓದಲಾಗದು. 2023ರ ಅಕ್ಟೋಬರ್ 7ರಂದು ಹಮಾಸ್ ದಾಳಿಯಲ್ಲಿ ಇಸ್ರೇಲಿನಲ್ಲಿ ಸುಮಾರು 1,200 ಜನ ಸತ್ತರು, 251 ಜನ ಒತ್ತೆಯಾಳುಗಳಾದರು. ಆಮೇಲಿನ ಯುದ್ಧದಲ್ಲಿ ಗಾಜಾದಲ್ಲಿ ಸತ್ತವರು, ಅಲ್ಲಿನ ಆರೋಗ್ಯ ಸಚಿವಾಲಯದ ಲೆಕ್ಕದಂತೆ, 2025ರ ಸೆಪ್ಟೆಂಬರಿಗೆ 65 ಸಾವಿರ ದಾಟಿದ್ದರು. ಈಗ ಮಾನ್ಯತೆ ಕೊಟ್ಟರೆ ಅದು ಹಮಾಸ್‌ಗೆ ಬಹುಮಾನ, ರಾಷ್ಟ್ರ ಬರಬೇಕಾದದ್ದು ಮಾತುಕತೆಯಿಂದ ಎನ್ನುವುದು ಇಸ್ರೇಲ್, ಅಮೆರಿಕಗಳ ವಾದ. ಮಾತುಕತೆಯೇ ಸತ್ತಿರುವಾಗ ಅದರ ಫಲಕ್ಕೆ ಕಾಯಿರಿ ಎನ್ನುವುದು ಎಂದಿಗೂ ಕೊಡುವುದಿಲ್ಲ ಎನ್ನುವುದಕ್ಕೆ ಸಮ ಎಂಬುದು ಇನ್ನೊಂದು ವಾದ. ನನ್ನ ಮನಸ್ಸು ಎರಡನೆಯದರ ಕಡೆಗಿದೆ. ಆದರೆ 157 ಎಂಬ ಅಂಕಿ ನೋಡಿ ಸಂಭ್ರಮಿಸಲು ನನ್ನಿಂದಾಗುವುದಿಲ್ಲ.

ಏಕೆಂದರೆ ಕಾಗದ ಏನು ಕೊಡುತ್ತದೆ, ಏನು ಕೊಡುವುದಿಲ್ಲ ಎನ್ನುವುದು ಬೇರೆ ಬೇರೆ. ಮಾನ್ಯತೆಯಿಂದ ರಾಯಭಾರ ಕಚೇರಿ ತೆರೆಯುತ್ತದೆ. 2011ರಲ್ಲಿ ಯುನೆಸ್ಕೊ ಸದಸ್ಯತ್ವ ಬಂತು. 2015ರಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಸದಸ್ಯತ್ವ ಬಂತು; ತನ್ನ ನೆಲದಲ್ಲಿ ನಡೆದ ಅಪರಾಧದ ದೂರು ಒಯ್ಯಲು ಒಂದು ಬಾಗಿಲು ಸಿಕ್ಕಿತು. ಇವು ಸಣ್ಣವಲ್ಲ. ಆದರೆ ಪಶ್ಚಿಮ ದಂಡೆಯ ಸುಮಾರು ನೂರಕ್ಕೆ ಅರವತ್ತು ಭಾಗ ಈಗಲೂ ಇಸ್ರೇಲಿನ ನೇರ ಹಿಡಿತದಲ್ಲಿದೆ. ಗಡಿ ದಾಟಲು, ಆಕಾಶದಲ್ಲಿ ಹಾರಲು ಅವರದೇ ಅಪ್ಪಣೆ ಬೇಕು. ಹೊಸ ವಸಾಹತುಗಳು ಏಳುತ್ತಲೇ ಇವೆ. ಇತ್ತ ಪ್ಯಾಲೆಸ್ತೀನ್ ಪ್ರಾಧಿಕಾರ ತನ್ನ ಜನರಿಂದ ಮತ ಕೇಳಿ ಸಂಸತ್ತಿಗೆ ಚುನಾವಣೆ ನಡೆಸಿದ್ದು 2006ರಲ್ಲಿ. ಹೊರಗಿನ ಒಪ್ಪಿಗೆ ಏರುತ್ತಿದೆ, ಒಳಗಿನ ಒಪ್ಪಿಗೆ ಕೇಳದೆ ಒಂದು ತಲೆಮಾರು ದೊಡ್ಡದಾಗಿದೆ.

ಇದನ್ನೆಲ್ಲ ಹೇಳುವ ಹೊತ್ತಿಗೆ ಮತ್ತೊಂದು ವಾರ ಕಳೆದಿತ್ತು. ಆ ಹುಡುಗಿ ಕೇಳಿಸಿಕೊಂಡು, “ಒಂದ್ಸಲ ನಮ್ ತಾಂಡಾಕ್ಕೆ ಬನ್ನಿ ಸರ್” ಎಂದಳು. ದೀಪಾವಳಿಯ ಮರುವಾರ ಹೋದೆ. ಮೆಕ್ಕೆಜೋಳದ ಕಟಾವು ನಡೆದಿತ್ತು, ಅಂಗಳದ ತುಂಬ ತೆನೆ. ಅವಳ ಅಜ್ಜಿ ಒಳಗಿನಿಂದ ಟ್ರಂಕು ತರಿಸಿ, ಸೀರೆಗಳ ಅಡಿಯಿಂದ ಪ್ಲಾಸ್ಟಿಕ್ ಕವರಿನಲ್ಲಿಟ್ಟ ಹಕ್ಕುಪತ್ರವನ್ನು ತೆಗೆದು ನನ್ನ ಕೈಗಿತ್ತಳು. ಸರ್ಕಾರದ ಲಾಂಛನ, ಅವಳ ಹೆಸರು, ಅಳತೆ, ಸಹಿ, ದುಂಡನೆಯ ಮೊಹರು. ಎರಡು ಕೈಯಲ್ಲಿ ಹಿಡಿದು ಓದಿದೆ. ಅವಳು ಅಕ್ಷರ ಕಲಿತವಳಲ್ಲ. ಆದರೆ ಯಾವ ಸಾಲಿನಲ್ಲಿ ತನ್ನ ಹೆಸರಿದೆಯೆಂದು ಬೆರಳಿಟ್ಟು ತೋರಿಸಿದಳು.

“ಖುಷಿ ಆತಾ ಅಜ್ಜಿ?” ಅಂದೆ.

“ಆತಪ್ಪ, ಯಾಕಾಗಲ್ಲ? ನನ್ನ ಹೆಸರು ಬರೆದವ್ರೆ” ಅಂದಳು. ಆಮೇಲೆ ಅಂಗಳದಾಚೆ, ಪಕ್ಕದ ಹೊಲದವರು ಬೇಲಿ ಸರಿಸಿಕೊಂಡು ಬಂದಿದ್ದ ಕಡೆಗೆ ಕೈ ಮಾಡಿದಳು. “ಕಾಗದ ಬಂತು. ಅಳೆದು ಕಲ್ಲು ನೆಡಾಕೆ ಬರ್ತೀವಿ ಅಂದೋರು ಇನ್ನೂ ಬಂದಿಲ್ಲ.”

ಮೊಮ್ಮಗಳು ನನ್ನ ಮುಖ ನೋಡಿದಳು. ಅಜ್ಜಿ ಹಕ್ಕುಪತ್ರವನ್ನು ಮತ್ತೆ ಕವರಿಗೆ ಹಾಕಿ, ಸುಕ್ಕಾಗದಂತೆ ಅಂಗೈಯಲ್ಲಿ ಸವರಿ, ಸೀರೆಗಳ ಅಡಿಯಲ್ಲಿಟ್ಟು ಟ್ರಂಕಿನ ಚಿಲಕ ಹಾಕಿದಳು. ನಾನು ಊರಿಗೆ ಮರಳಿದ ರಾತ್ರಿ ನನ್ನ ನೋಟ್ಸಿನಲ್ಲಿ ಬೂದಿ ಬಸವಪ್ಪನ ಪುಟ ತೆಗೆದು, ‘ಹುಸಿ ಹಕ್ಕುದಾರ’ ಎಂದಿದ್ದುದರ ಕೆಳಗೆ ಪೆನ್ಸಿಲಿನಲ್ಲಿ ಒಂದು ಸಾಲು ಸೇರಿಸಿದೆ: ‘ಕಂಪನಿಯ ದಾಖಲೆಯ ಪ್ರಕಾರ. ರೈತರು ಏನೆಂದರು ಎಂಬುದನ್ನೂ ಮಕ್ಕಳಿಗೆ ಕೇಳಬೇಕು.’